ಕರೆದರಷ್ಟೇ ಬರುವ ಬೀಗರು

ಇರಣ್ಣನ ಮನೆಯಲ್ಲಿ ‘ಬೀಗರು’ ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಒಂದು, ಅವನ ಮಗಳು ಸ್ಪೂರ್ತಿಯನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದ ಶೇಖರಪ್ಪನವರ ಕುಟುಂಬ. ಇನ್ನೊಂದು ಅರ್ಥ ಇರಣ್ಣನಿಗೂ ಅವನ ಹೆಂಡತಿ ಮಹಾನಂದಾಳಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಮೊದಲನೆಯ ಬೀಗರು ಹೊಸಬರು, ನಿಶ್ಚಿತಾರ್ಥದ ಫೋಟೋಗಳು ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದ್ದವು. ಎರಡನೆಯ ಬೀಗರು ಬಂದು ಹನ್ನೊಂದು ವರ್ಷವಾಗಿತ್ತು. ಇಬ್ಬರಿಗೂ ಒಂದೇ ಹೆಸರಾದರೆ ಮುಂದೆ ಎಡವಟ್ಟಾದೀತು ಎಂಬ ಬುದ್ಧಿ ಗಂಡಹೆಂಡಿರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಇದನ್ನೆಲ್ಲ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ.

ಇರಣ್ಣ ಬಾಗಲಕೋಟೆ ಕಡೆಯವನು. ಪೀಣ್ಯ ಎರಡನೇ ಹಂತದಲ್ಲಿ ಬೀರುಗಳಿಗೆ, ಗೇಟುಗಳಿಗೆ, ಸ್ವಿಚ್ ಬೋರ್ಡಿನ ಡಬ್ಬಗಳಿಗೆ ಪುಡಿ ಬಣ್ಣ ಹೊಡೆದು ಒಲೆಯಲ್ಲಿ ಬೇಯಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಪ್ಪತ್ತರ ಹರೆಯದಲ್ಲಿ ಸಹಾಯಕನಾಗಿ ಸೇರಿದವನು ಈಗ ಐವತ್ತೇಳಕ್ಕೆ ಬಂದಿದ್ದಾನೆ. ಮಾಕಳಿಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡಿದ್ದಾನೆ. ಕಂಪ್ರೆಸ್ಸರಿನ ಸದ್ದಿನ ನಡುವೆ ಜೀವಮಾನ ಕಳೆದವನಾದ್ದರಿಂದ ಅವನ ಗಂಟಲು ಮೆಲ್ಲಗೆ ಮಾತಾಡುವುದನ್ನು ಮರೆತುಬಿಟ್ಟಿತ್ತು. ಫೋನಿನಲ್ಲಂತೂ ಆ ಕಡೆಯವರು ‘ಹಲೋ’ ಅನ್ನುವುದಕ್ಕೂ ಬಿಡದೆ, ಹೇಳಬೇಕಾದ್ದನ್ನೆಲ್ಲ ಒದರಿ ಕಟ್ ಮಾಡುತ್ತಿದ್ದ. ಕೆಲಸದವರು ಅವನನ್ನು ಹಿಂದಿನಿಂದ ‘ಮೈಕಾಸುರ’ ಅನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇಂಥ ಗಟ್ಟಿ ಗಂಟಲಿನವನು ಒಂದು ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಪಿಟಕ್ ಎನ್ನದೆ ಇದ್ದ. ನಲವತ್ತಕ್ಕೆ ಮುಂಚೆಯೇ ಸಕ್ಕರೆ ಕಾಯಿಲೆ ಹಿಡಿದಿತ್ತು. ಅದನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕ್ಯಾಂಟೀನಿನ ಸಿಹಿ ಚಹಾ ಕುಡಿದುಕೊಂಡು, ಮಾತ್ರೆಯನ್ನು ನೆನಪಾದಾಗ ನುಂಗಿಕೊಂಡು ಹಾಯಾಗಿದ್ದ. ನಲವತ್ತು ದಾಟಿದ ಮೇಲೆ ಅದು ಬಡ್ಡಿ ಸಮೇತ ಬಂತು, ಬಂದದ್ದೂ ಹೇಳಿಕೊಳ್ಳಲಾಗದ ಜಾಗಕ್ಕೆ. ಹಾಸಿಗೆಯಲ್ಲಿ ಮನಸ್ಸು ಸಿದ್ಧವಾದರೂ ಮೈ ಎದ್ದು ನಿಲ್ಲುತ್ತಿರಲಿಲ್ಲ. ಮೊದಮೊದಲು ದಣಿವು ಅಂದುಕೊಂಡ. ಆಮೇಲೆ ತುಮಕೂರು ರಸ್ತೆಯ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ‘ಗುಪ್ತ ಸಮಸ್ಯೆ’ಯ ವೈದ್ಯರಲ್ಲಿ ಒಬ್ಬನ ಹತ್ತಿರ ಹೋಗಿ ಕಹಿ ಲೇಹ್ಯ ತಿಂದ. ದೊಡ್ಡ ಆಸ್ಪತ್ರೆಯವರು ಕೊಟ್ಟ ಮಾತ್ರೆ ಒಂದಷ್ಟು ದಿನ ಕೆಲಸ ಮಾಡಿ ಆಮೇಲೆ ಕೈಚೆಲ್ಲಿತು. ಚುಚ್ಚುಮದ್ದನ್ನೂ ನೋಡಿದ್ದಾಯಿತು. ಕೊನೆಗೆ ಚಾಪೆ ದಿಂಬು ಎತ್ತಿಕೊಂಡು ಹಾಲಿಗೆ ಬಂದು ಮಲಗತೊಡಗಿದ. ಕೇಳಿದರೆ, ‘ಒಳಗ ಸೆಕಿ’ ಅನ್ನುತ್ತಿದ್ದ. ಡಿಸೆಂಬರಿನ ಚಳಿಯಲ್ಲೂ ಅದೇ ಉತ್ತರ.

ಮಹಾನಂದಾ ದಡ್ಡಿಯಲ್ಲ. ಗಂಡ ಯಾಕೆ ಗೋಡೆಗೆ ಮುಖ ಮಾಡುತ್ತಾನೆಂದು ತನ್ನದೇ ರೀತಿಯಲ್ಲಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ಆ ಕಾಲದಲ್ಲಿ ಅವನ ಕಂಪನಿಯವರು ಜಿಗಣಿಯಲ್ಲೂ ಒಂದು ಶೆಡ್ ಹಾಕಿದ್ದರು, ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ನೇರವಾಗಿ ಕೇಳಿದಳು.

“ಜಿಗಣ್ಯಾಗ ಯಾರದಾರ?”

ಇರಣ್ಣ ಕಕ್ಕಾಬಿಕ್ಕಿಯಾದ. ಇಲ್ಲದ ಹೆಂಗಸಿನ ಅಪವಾದ ಹೊರುವುದೋ, ಇದ್ದ ಕಾಯಿಲೆಯ ನಾಚಿಕೆ ಹೊರುವುದೋ ಎಂಬ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಬೇರೆ ಯಾವ ಗಂಡಸಾದರೂ ಹೆಂಗಸಿನ ಅಪವಾದವನ್ನೇ ಆರಿಸಿಕೊಳ್ಳುತ್ತಿದ್ದನೇನೋ, ಅದರಲ್ಲಿ ಒಂದಿಷ್ಟು ಗತ್ತಾದರೂ ಇದೆ. ಇರಣ್ಣ ಹಾಗೆ ಮಾಡಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟ, ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಮಹಾನಂದಾ ಸೆರಗಿನಿಂದ ಅವನ ಮುಖ ಒರೆಸಿ, “ಇಷ್ಟ ಹೇಳಾಕ ಮೂರು ವರ್ಷ ಬೇಕಾತೇನ್ರಿ?” ಅಂದಳು. ಅವನ ಬಗ್ಗೆ ನನಗೆ ಗೌರವ ಹುಟ್ಟುವುದು ಈ ಜಾಗದಲ್ಲಿಯೇ.

ಆಪರೇಷನ್ ಮಾಡಿಸಿಕೊಂಡದ್ದು ಅದಾದ ಮೇಲೆ. ಹೊಟ್ಟೆಯೊಳಗೆ ಉಪ್ಪುನೀರಿನ ಸಣ್ಣ ಚೀಲ, ಕೆಳಗೆ ವೃಷಣದ ಚೀಲದಲ್ಲಿ ಅಡಗಿಕೊಂಡಿರುವ ಪುಟ್ಟ ಪಂಪು, ಶಿಶ್ನದೊಳಗೆ ಎರಡು ಕೊಳವೆ. ಪಂಪು ಹಿಸುಕಿದರೆ ನೀರು ಕೊಳವೆಗೆ ತುಂಬಿ ಗಟ್ಟಿಯಾಗುತ್ತದೆ, ಕೆಲಸ ಮುಗಿದ ಮೇಲೆ ಒಂದು ಗುಂಡಿ ಅದುಮಿದರೆ ನೀರು ಚೀಲಕ್ಕೆ ವಾಪಸು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅಂದಿನ ವಯಸ್ಸಾದ ಡಾಕ್ಟರು ಎರಡು ಎಚ್ಚರಿಕೆ ಕೊಟ್ಟಿದ್ದರು. ಇದನ್ನು ಹಾಕಿಸಿಕೊಂಡ ಮೇಲೆ ಹಿಂದಿನ ಸ್ಥಿತಿಗೆ ಹೋಗುವ ದಾರಿ ಇರುವುದಿಲ್ಲ, ಮಾತ್ರೆಗೀತ್ರೆ ಮತ್ತೆ ಕೆಲಸ ಮಾಡುವುದಿಲ್ಲ. ಮತ್ತೆ, ಇದು ಯಂತ್ರ, ಎಂದಾದರೂ ಒಂದು ದಿನ ಸವೆಯುತ್ತದೆ. ಇರಣ್ಣ ಎರಡಕ್ಕೂ ತಲೆಯಾಡಿಸಿದ್ದ. ಸವೆಯುವ ದಿನ ಅವನಿಗೆ ಆಗ ಬಹಳ ದೂರ ಕಂಡಿತ್ತು.

ಗಾಯ ಮಾಗಿ, ಡಾಕ್ಟರ ಅಪ್ಪಣೆ ಸಿಕ್ಕಿದ ಮೇಲೆ ಮೊದಲ ಸಲ ಪಂಪು ಹಿಸುಕಿದಾಗ ಇರಣ್ಣನ ಹಣೆಯೆಲ್ಲ ಬೆವರಿತ್ತು. ಅವನ ಬೆರಳಿಗೆ ಪಂಪು ಸಿಗುತ್ತಿರಲಿಲ್ಲ, ಸಿಕ್ಕರೆ ಜಾರುತ್ತಿತ್ತು. ಪಕ್ಕದಲ್ಲಿ ಕಾಯುತ್ತಿದ್ದ ಮಹಾನಂದಾಳಿಗೆ ನಗು ತಡೆಯಲಾಗಲಿಲ್ಲ.

“ಇದೇನ್ರಿ, ಬೀಗರು ಬಂದಂಗಾತಲ್ಲ. ತಾವಾಗೇ ಬರಂಗಿಲ್ಲ, ನಾವ ಕರೀಬೇಕು. ಬಂದ ಮ್ಯಾಲ ತಾವಾಗೇ ಹೋಗಂಗೂ ಇಲ್ಲ, ನಾವ ಕಳಸಬೇಕು,” ಅಂದಳು.

ಇರಣ್ಣನೂ ನಕ್ಕ. ಆ ಮನೆಯಲ್ಲಿ ಗಂಡಹೆಂಡತಿ ಒಟ್ಟಿಗೆ ನಕ್ಕು ಬಹಳ ಕಾಲವಾಗಿತ್ತು. ಅಂದಿನಿಂದ ಅದಕ್ಕೆ ಬೀಗರು ಎಂದೇ ಹೆಸರಾಯಿತು. ಮಗಳು ಓದುತ್ತ ಕುಳಿತಿರುವಾಗಲೂ ಇರಣ್ಣ ಊಟದ ತಟ್ಟೆಯಿಂದ ತಲೆಯೆತ್ತಿ, “ಬೀಗರನ್ನ ಕರೀಲೇನು ಇವತ್ತ?” ಎಂದು ಕೇಳಬಹುದಿತ್ತು. ಮಹಾನಂದಾ, “ಕರೀರಿ, ನಂದೇನೈತಿ,” ಅನ್ನುತ್ತಿದ್ದಳು. ಸ್ಪೂರ್ತಿ ಚಿಕ್ಕವಳಿದ್ದಾಗ, ಇಷ್ಟು ಕರೆದರೂ ಒಮ್ಮೆಯೂ ಬರದ ಈ ಬೀಗರು ಯಾವ ಊರಿನವರು ಎಂದು ಕೇಳಿ ಬೈಸಿಕೊಂಡಿದ್ದಳು. ಆಮೇಲೆ ದೊಡ್ಡವರ ಏನೋ ತಮಾಷೆ ಎಂದು ಕೇಳುವುದನ್ನೇ ಬಿಟ್ಟಳು, ಕೊನೆಗೆ ಮರೆತೂ ಬಿಟ್ಟಳು.

ಹೀಗೆ ಎಲ್ಲ ಚೆನ್ನಾಗಿತ್ತು ಎಂದು ಮುಗಿಸಬಹುದಿತ್ತು. ಆದರೆ ಇರಣ್ಣನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಒಂದು ಸಲ ಮಹಾನಂದಾ ಪಕ್ಕದ ಮನೆಯ ವನಜಾಳ ಜೊತೆ ಕಾಂಪೌಂಡಿನ ಹತ್ತಿರ ಮಾತಾಡುತ್ತಿದ್ದಳು. ವನಜಾ ತನ್ನ ಗಂಡನ ಕಾಟದ ಬಗ್ಗೆ ಏನೋ ಹೇಳಿದ್ದಕ್ಕೆ ಮಹಾನಂದಾ, “ಗಂಡಸರಿಗೆ ಬೇಕಾಗ್ತೈತಿ, ಹೂಂ ಅನ್ನೂದು. ನಮ್ಮದೇನೈತಿ,” ಎಂದಳು. ಕಿಟಕಿಯ ಒಳಗಿದ್ದ ಇರಣ್ಣನ ಕಿವಿಗೆ ಅದು ಬಿತ್ತು. ಬೀಗರನ್ನು ಕರೆಯಲೇ ಎಂದರೆ ತನಗೆ ಅವಳು ಹೇಳುತ್ತಿದ್ದುದೂ ಅದೇ ಮಾತಲ್ಲವೇ, ‘ನಂದೇನೈತಿ’. ಬೀಗರನ್ನು ಕರೆಯುತ್ತಿದ್ದವನು ಯಾವಾಗಲೂ ತಾನೇ, ಅವಳು ಒಂದು ದಿನವೂ ತಾನಾಗಿ ಕರೆಯಿರಿ ಅಂದವಳಲ್ಲ. ಇಷ್ಟು ವರ್ಷ ಅವಳು ತನ್ನ ಮುಖ ನೋಡಿ ಸಹಿಸಿಕೊಂಡಳೋ, ಅವಳಿಗೂ ಸುಖವಿತ್ತೋ? ಕೇಳಲು ಬಾಯಿ ಬರಲಿಲ್ಲ. ಸಹಿಸಿಕೊಂಡೆ ಎಂದುಬಿಟ್ಟರೆ ಆಮೇಲೆ ಅವಳ ಕೈ ಹಿಡಿಯುವುದಕ್ಕೂ ತನಗೆ ಮುಖವಿರುವುದಿಲ್ಲ ಎಂದು ಹೆದರಿ, ಆ ಪ್ರಶ್ನೆಯನ್ನು ನುಂಗಿಕೊಂಡೇ ಇದ್ದ.

ನಿಶ್ಚಿತಾರ್ಥ ಮುಗಿದ ಕೆಲವು ದಿನಕ್ಕೆ ಬೀಗರು ಕೈಕೊಟ್ಟರು. ಎಷ್ಟು ಹಿಸುಕಿದರೂ ಪಂಪು ಮೆತ್ತಗೆ ಒಳಗೆ ಹೋಗಿ ಅಲ್ಲಿಯೇ ಕುಳಿತಿತು. ಇರಣ್ಣ, “ಯಾಕೋ ತಲಿ ನೋವು,” ಎಂದು ಎದ್ದುಹೋದ. ಮರುದಿನ ಬಚ್ಚಲಿನಲ್ಲಿ ಒಬ್ಬನೇ ಬೆರಳು ನೋಯುವ ತನಕ ಪ್ರಯತ್ನಿಸಿದ, ಏನೂ ಆಗಲಿಲ್ಲ. ಆ ವಾರವೇ ದಿಂಬು ಹಾಲಿಗೆ ಬಂತು. ಮದುವೆಯ ಓಡಾಟ, ದಣಿವು ಎಂದ. ಮಹಾನಂದಾ ಏನೂ ಕೇಳಲಿಲ್ಲ. ಆದರೆ ರೊಟ್ಟಿ ತಟ್ಟುವ ಸದ್ದು ಜೋರಾಯಿತು, ಮಾತು ಕಡಿಮೆಯಾಯಿತು. ಇರಣ್ಣನಿಗೆ ಆ ಹಳೆಯ ಮೂರು ವರ್ಷಗಳು ಮತ್ತೆ ಬಾಗಿಲು ತಟ್ಟುತ್ತಿರುವಂತೆ ಅನಿಸುತ್ತಿತ್ತು.

ಕೊನೆಗೆ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬನೇ ಆಸ್ಪತ್ರೆಗೆ ಹೋದ. ಹಳೆಯ ಡಾಕ್ಟರು ನಿವೃತ್ತರಾಗಿದ್ದರು. ಅವರ ಜಾಗದಲ್ಲಿ ಡಾಕ್ಟರ್ ಸಂಗಮೇಶ್ ಎಂಬ ಚಿಕ್ಕ ವಯಸ್ಸಿನವರಿದ್ದರು. ಅವರು ಸ್ಕ್ಯಾನ್ ಮಾಡಿಸಿ ನೋಡಿದರು.

“ನೀರು ಸೋರಿ ಹೋಗಿದೆ ಸಾರ್. ಅದರಿಂದ ಮೈಗೇನೂ ತೊಂದ್ರೆ ಇಲ್ಲ, ಬರೀ ಉಪ್ಪುನೀರು. ಹನ್ನೊಂದು ವರ್ಷ ಬಂದಿದೆ ಅಂದ್ರೆ ಒಳ್ಳೇ ಬಾಳಿಕೆನೇ. ಹೊಸದು ಹಾಕ್ಬಹುದು. ಆದ್ರೆ ಎರಡನೇ ಸಲ ಕುಯ್ದಾಗ ನಂಜಾಗೋ ಭಯ ಮೊದಲಿಗಿಂತ ಜಾಸ್ತಿ, ನಿಮ್ಮ ಶುಗರ್ ಬೇರೆ ಹೀಗಿದೆ. ಬೇಡ ಅಂದ್ರೆ ಹಾಗೇ ಬಿಟ್ಬಿಡ್ಬಹುದು. ಮನೇಲಿ ಮಾತಾಡಿ ಹೇಳಿ,” ಎಂದರು.

ಇರಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಎದುರಿಗೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಮನೆಗೆ ಹೋಗಿ ಮುಖ ನೋಡಿಕೊಂಡು ಹೇಳುವ ಧೈರ್ಯ ಅವನಿಗಿರಲಿಲ್ಲ. ಫೋನಿನಲ್ಲಿಯೇ ಮುಗಿಸಿಬಿಡೋಣ ಎಂದು ಮಹಾನಂದಾಳ ನಂಬರು ಒತ್ತಿದ. ಆ ಕಡೆ ಫೋನ್ ಎತ್ತಿದ್ದೇ ತಡ, ತನ್ನ ಎಂದಿನ ಗಂಟಲಿನಲ್ಲಿ ಶುರು ಮಾಡಿದ.

“ಕೇಳಿಲ್ಲಿ. ಬೀಗರದ್ದು ಮುಗೀತು, ಇನ್ನ ಅವ್ರು ಬರೂದಿಲ್ಲ. ಹೊಸಾದ್ದ ನೋಡಬೇಕು, ಇಲ್ಲಾ ಇಲ್ಲಿಗೇ ಬಿಟ್ಟುಬಿಡಬೇಕು. ವಿಚಾರ ಮಾಡಿ ಹೇಳು. ಸ್ಪೂರ್ತಿ ಮುಂದ ಮಾತ್ರ ಬಾಯಿ ಬಿಡಬ್ಯಾಡ.”

ಹೇಳಿದ, ಕಟ್ ಮಾಡಿದ. ಮನೆಯಲ್ಲಿ ಮಹಾನಂದಾಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನ್ ಎತ್ತಿದವಳು ಅಂದು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ಸ್ಪೂರ್ತಿ.

ಆ ಹುಡುಗಿಯ ಸ್ಥಿತಿ ಊಹಿಸಿಕೊಳ್ಳಿ. ಅಮ್ಮ ಯಾರದು ಎಂದರೆ “ರಾಂಗ್ ನಂಬರ್” ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಮದುವೆಯಾಗಬೇಕಿದ್ದ ಸಿದ್ದಾರ್ಥನಿಗೆ ಫೋನ್ ಮಾಡಿದಳು. “ನಿಮ್ಮಪ್ಪ ನಮ್ಮಪ್ಪಂಗೆ ಏನಂದ್ರು? ನಿಜ ಹೇಳ್ಬಿಡು, ನಾನು ಅಳಲ್ಲ,” ಅಂದಳು, ಅನ್ನುವಾಗಲೇ ಅಳುತ್ತಿದ್ದಳು. ಸಿದ್ದಾರ್ಥ ಅಪ್ಪನನ್ನು ಹಿಡಿದು ಕೇಳಿದ. ದಾವಣಗೆರೆ ಕಡೆಯ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಶೇಖರಪ್ಪನವರು ಯಾರಿಗೂ ಒಂದು ಮಾತು ಜಾಸ್ತಿ ಆಡಿದವರಲ್ಲ. ತಮ್ಮಿಂದ ಏನು ತಪ್ಪಾಯಿತೋ ಎಂದು ಗಾಬರಿಯಾದರು. ಹೆಂಡತಿಯನ್ನು ಕರೆದುಕೊಂಡು, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಿಂದ ನೈಸ್ ರಸ್ತೆ ಹಿಡಿದು ಸಂಜೆಯ ಹೊತ್ತಿಗೆ ಮಾಕಳಿಗೆ ಬಂದೇಬಿಟ್ಟರು.

ಇರಣ್ಣ ಉಳಿದರ್ಧ ದಿನದ ಕೆಲಸ ಮುಗಿಸಿ ಮನೆಗೆ ಕಾಲಿಟ್ಟಾಗ ಹಾಲಿನಲ್ಲಿ ನಿಜವಾದ ಬೀಗರು ಕುಳಿತಿದ್ದರು. ಮಗಳು ಕಣ್ಣು ಕೆಂಪು ಮಾಡಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಮಹಾನಂದಾ ಏನೊಂದೂ ಅರ್ಥವಾಗದೆ ಚಹಾದ ತಟ್ಟೆ ಹಿಡಿದುಕೊಂಡಿದ್ದಳು.

ಶೇಖರಪ್ಪನವರು ಎದ್ದು ನಿಂತು ಕೈಮುಗಿದರು. “ಇರಣ್ಣಾರೆ, ನಮ್ ಕಡಿಂದ ಏನಾದ್ರೂ ತಪ್ಪಾಗಿದ್ರೆ ಮುಖದ ಮೇಲೆ ಹೇಳ್ಬಿಡ್ರಿ. ಬೀಗರದ್ದು ಮುಗೀತು, ಹೊಸದು ನೋಡ್ಬೇಕು ಅಂದ್ರಂತೆ. ನಾವೇನ್ ಮಾಡಿದ್ವಿ?”

ಇರಣ್ಣ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಮೈಕಾಸುರನ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಅವನ ಬೆವರು ಕಂಡ ಮಹಾನಂದಾಳಿಗೆ ಮಾತ್ರ ಎಲ್ಲ ಒಟ್ಟಿಗೆ ತಿಳಿಯಿತು. ಹಾಲಿಗೆ ಬಂದ ದಿಂಬು, ತಲೆನೋವು, ಫೋನು, ಎಲ್ಲ. ಅವಳು ಚಹಾದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ಅಯ್ಯ, ನಿಮಗಲ್ರೀ ಅಣ್ಣಾರ ಅದು. ಇವರ ಫ್ಯಾಕ್ಟರ್ಯಾಗ ಫಾರಿನ್ನಿಂದ ತರಿಸಿದ್ದೊಂದು ಪಂಪೈತಿ, ಕಂಪ್ರೆಸ್ಸರ್ ಪಂಪು. ಭಾಳ ಮರ್ಜಿ ಹಿಡದು ಚಾಲೂ ಮಾಡಬೇಕು ಅದನ್ನ. ಅದಕ್ಕ ನಾವು ಬೀಗರಂತ ಹೆಸರಿಟ್ಟೀವಿ. ಈಗ ಅದು ಕೆಟ್ಟೈತಿ, ಅಷ್ಟ.”

ಶೇಖರಪ್ಪನವರ ಮುಖ ಸಡಿಲವಾಯಿತು. ಅವರ ಹೆಂಡತಿ ಮಾತ್ರ ಲೆಕ್ಕ ತಪ್ಪದ ಹೆಂಗಸು. “ಫ್ಯಾಕ್ಟರಿ ಪಂಪು ಕೆಟ್ರೆ ನಿಮಗ್ಯಾಕ್ರಿ ಫೋನ್ ಮಾಡಿ ಹೇಳ್ಬೇಕು? ಮಗಳ ಮುಂದೆ ಹೇಳ್ಬೇಡ ಅಂತ ಬೇರೆ ಅಂದ್ರಂತೆ,” ಎಂದರು.

ಮಹಾನಂದಾ ಗಂಡನ ಕಡೆ ನೋಡದೆ ಹೇಳಿದಳು. “ಮದುವಿ ಮನ್ಯಾಗ ಹುಡುಗಿಗೆ ಯಾಕ ಚಿಂತಿ ಅಂತ ಅಂದಿರಬೇಕು. ನಂಗ ಹೇಳಲೇಬೇಕಲ್ರಿ. ಅದು ಕೆಟ್ರ ಇವರು ಮನಿಗೆ ಬಂದು ಮಾತಾಡೂದ ಬಿಡ್ತಾರ. ಗ್ವಾಡಿ ನೋಡ್ಕೊಂತ ಮಲಗ್ತಾರ. ನಂಗ ಅದು ತಡಕೊಳ್ಳಾಕ ಆಗಂಗಿಲ್ರಿ.”

ಎಲ್ಲರೂ ನಕ್ಕರು. ಕೆಲಸವನ್ನು ಇಷ್ಟು ಹಚ್ಚಿಕೊಂಡವರನ್ನು ತಾವು ಕಂಡಿಲ್ಲ ಎಂದು ಶೇಖರಪ್ಪನವರು ಹೊಗಳಿದರು. ಸ್ಪೂರ್ತಿ ಅಪ್ಪನ ತೋಳಿಗೆ ಒಂದು ಗುದ್ದು ಕೊಟ್ಟು ಒಳಗೆ ಹೋದಳು. ನಗದವನು ಇರಣ್ಣ ಒಬ್ಬನೇ. ತಡೆದುಕೊಳ್ಳಲಾಗುವುದಿಲ್ಲ ಎಂದ ಅವಳ ಮಾತು ಅವನ ಎದೆಗೆ ನಾಟಿತು. ಆದರೂ ಅವಳು ಹೇಳಿದ್ದು ತನ್ನ ಮೌನದ ಬಗ್ಗೆ, ಇನ್ನೊಂದರ ಬಗ್ಗೆ ಅಲ್ಲವಲ್ಲ ಎಂದು ಅವನ ಅನುಮಾನ ಮತ್ತೆ ತಲೆಯೆತ್ತಿತು. ಅನುಮಾನಕ್ಕೆ ಅಭ್ಯಾಸವಾದ ಮನಸ್ಸು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಬೀಗರು ಹೋದ ಮೇಲೆ ಮಹಾನಂದಾ ಅಡುಗೆಮನೆಯಲ್ಲಿ ಗ್ಲಾಸು ತೊಳೆಯುತ್ತ, “ಮತ್ತ ಡಾಕ್ಟ್ರು ಯಾವಾಗ ಬಾ ಅಂದಾರ?” ಎಂದು ಕೇಳಿದಳು.

“ಶನಿವಾರ. ನಾ ಒಬ್ಬನ ಹೋಗಿ ಬ್ಯಾಡಂತ ಹೇಳಿ ಬರ್ತೀನಿ.”

“ನಾನೂ ಬರ್ತೀನಿ,” ಅಂದಳು. ಅಷ್ಟೇ.

ಶನಿವಾರ ಇಬ್ಬರೂ ಡಾಕ್ಟರ್ ಸಂಗಮೇಶರ ಎದುರಿಗೆ ಕುಳಿತರು. ಡಾಕ್ಟರು ಒಳ್ಳೆಯವರೇ, ಆದರೆ ಕುರ್ಚಿಯಲ್ಲಿ ಇಬ್ಬರು ಕುಳಿತಿದ್ದರೂ ಒಬ್ಬರ ಜೊತೆಗೇ ಮಾತಾಡುವ ಪೈಕಿ. ನಂಜಿನ ಭಯ, ಸಕ್ಕರೆಯ ಮಟ್ಟ, ಚೇತರಿಕೆಯ ವಾರಗಳು, ಎಲ್ಲವನ್ನೂ ಇರಣ್ಣನಿಗೇ ವಿವರಿಸಿದರು. ಮಹಾನಂದಾ ತನ್ನ ಬ್ಯಾಗಿನ ಜಿಪ್ ಹಿಡಿದುಕೊಂಡು ಕೇಳುತ್ತಿದ್ದಳು. ಇರಣ್ಣ ಮನೆಯಿಂದ ಬರುವಾಗಲೇ ಮಾತು ಜೋಡಿಸಿಕೊಂಡು ಬಂದಿದ್ದ. ಅವಳನ್ನು ಈ ಹೊರೆಯಿಂದ ಬಿಡುಗಡೆ ಮಾಡುವುದೇ ತಾನು ಮಾಡಬಹುದಾದ ಒಳ್ಳೆಯ ಕೆಲಸ ಎಂದು ಅವನಿಗೆ ಅನಿಸಿತ್ತು. ಪಾಪ, ಅದನ್ನು ಅವನು ಪ್ರೀತಿಯಿಂದಲೇ ಯೋಚಿಸಿದ್ದ.

“ಬ್ಯಾಡ ಬಿಡ್ರಿ ಸರ,” ಎಂದ. “ಇನ್ನ ಮಗಳ ಮದುವಿ ಆಗ್ತೈತಿ, ನಾಳೆ ಮೊಮ್ಮಕ್ಕಳಾಗ್ತಾವು. ಇಕಿಗೂ ಈ ಉಸಾಬರಿ ಬ್ಯಾಡಾಗೈತಿ. ಇಷ್ಟ ದಿನ ನನ್ನ ಸಲುವಾಗಿ ನಡಸ್ಕೊಂಡು ಬಂದಾಳ, ಸಾಕು.”

ಡಾಕ್ಟರು ತಲೆಯಾಡಿಸಿದರು. “ಸರಿ ಸಾರ್. ಈ ವಯಸ್ಸಲ್ಲಿ ತುಂಬಾ ಜನ ಹಾಗೇ ಬಿಟ್ಬಿಡ್ತಾರೆ. ಅಮ್ಮನೋರಿಗೂ ಅದೇ ಸಮಾಧಾನ ಅನ್ಸುತ್ತೆ.”

“ನನ್ನ ಯಾರೂ ಕೇಳಲೇ ಇಲ್ಲಲ್ರಿ,” ಅಂದಳು ಮಹಾನಂದಾ.

ದನಿ ಸಣ್ಣಗಿತ್ತು. ಡಾಕ್ಟರು ಆಗ ಮೊದಲ ಸಲ ಅವಳ ಕಡೆ ತಿರುಗಿದರು. ಅವಳ ಕಿವಿ, ಕುತ್ತಿಗೆ ಕೆಂಪಾಗಿದ್ದವು, ಕಣ್ಣು ಮೇಜಿನ ಮೇಲಿತ್ತು. ಆದರೆ ಮಾತು ನಿಲ್ಲಲಿಲ್ಲ.

“ಮೊದಲ ಆಪರೇಷನ್ ಮಾಡೂ ಮುಂದನೂ ಕೇಳಲಿಲ್ಲ. ಹೆಂಗಾತು, ಚಲೋ ಆತೇನು ಅಂತ ಹನ್ನೊಂದು ವರ್ಷದಾಗ ಇವರೂ ಕೇಳಲಿಲ್ಲ. ಈಗ ಸಾಕಂತ ಇವರ ಹೇಳಿದ್ರು, ನೀವು ಹೂಂ ಅಂದ್ರಿ. ನಂಗ ಐವತ್ತೆರಡು ರೀ ಡಾಕ್ಟ್ರ. ನಂಗ ಸಾಕಾಗಿಲ್ಲ.”

ಮಹಾನಂದಾ ಉಸಿರು ತೆಗೆದುಕೊಂಡು ಮುಂದುವರಿಸಿದಳು. “ಹಂಗಂತ ಇವರ ಜೀವಕ್ಕ ಕುತ್ತು ತಂದು ನಂಗೇನೂ ಬ್ಯಾಡ. ಸಕ್ರಿ ಎಷ್ಟಕ್ಕ ಇಳೀಬೇಕು ಹೇಳ್ರಿ, ನಾ ಇಳಸ್ತೀನಿ. ಚಹಾ ಬಿಡಸ್ತೀನಿ, ದಿನಾ ನಡಸ್ತೀನಿ. ಇಳದ ಮ್ಯಾಲ ಮಾಡ್ರಿ. ಇಳೀಲಿಲ್ಲ ಅಂದ್ರ ಬ್ಯಾಡ, ಹಂಗ ಇರ್ತೀವಿ. ಆದ್ರ ಬ್ಯಾಡಂದವಳು ನಾನಂತ ಮಾತ್ರ ಬರಕೋಬ್ಯಾಡ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಕ್ಷಮಿಸಿ ಅಮ್ಮಾ, ಕೇಳ್ಬೇಕಿತ್ತು ನಾನು,” ಎಂದು ತಮ್ಮ ಕುರ್ಚಿಯನ್ನು ಇಬ್ಬರಿಗೂ ಎದುರಾಗಿ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ವಿವರಿಸತೊಡಗಿದರು. ಇರಣ್ಣನಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ.

ಹೊರಗೆ ಬಂದಾಗ ಔಷಧದಂಗಡಿಯ ಮುಂದೆ ಸಾಲು ಉದ್ದವಿತ್ತು. ಇಬ್ಬರೂ ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತರು. ಇರಣ್ಣ, ಅವನ ಗಂಟಲಿನಿಂದ ಅಂಥ ದನಿ ಬರಬಹುದೆಂದು ಕಾರ್ಖಾನೆಯಲ್ಲಿ ಯಾರೂ ನಂಬದಷ್ಟು ಮೆಲ್ಲಗೆ, ಕೇಳಿದ.

“ಖರೇನ ಹೇಳಿದೇನ? ನನ್ನ ಮನಸ್ಸಿಗೆ ನೋವಾಗಬಾರದಂತ ಅಂದದ್ದಲ್ಲಲ್ಲ?”

ಮಹಾನಂದಾ ಅವನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು.

“ಸುಳ್ಳು ಹೇಳೂದಿದ್ರ ಮನ್ಯಾಗ ಹೇಳ್ತಿದ್ನಿ. ಸುಳ್ಳು ಹೇಳಾಕ ಯಾವ ಹೆಂಗಸು ಹೊರಗಿನವರ ಮುಂದ ಹಿಂಗ ನಾಚಿಕಿ ಬಿಡ್ತಾಳ್ರಿ?”

ಇರಣ್ಣ ಅಷ್ಟು ಜನರ ನಡುವೆ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕುಳಿತುಬಿಟ್ಟ. ಅವಳು ಒಂದೆರಡು ಸಲ ಬಿಡಿಸಿಕೊಳ್ಳಲು ನೋಡಿ, ಆಮೇಲೆ ಸುಮ್ಮನಾದಳು.